ಜೋಳದ ಹೊಲಕ್ಕೆ ಕಟ್ಟಿದ ಹಾಡು

ಆಗೆಲ್ಲ ಮಧುಗಿರಿಯ ನಮ್ಮ ಮನೆಯ ಬೆಳಗು ಶುರುವಾಗುತ್ತಿದ್ದುದು ಟೇಪ್‌ರೆಕಾರ್ಡರಿನ ದೇವರ ಹಾಡಿನಿಂದ. ಅದು ಮುಗಿದ ಮೇಲೆ, ಅಪ್ಪ ಹೊಲದಿಂದ ಬರುವವರೆಗೆ, ಯಂತ್ರ ಗಿರಿಜತ್ತೆಯದು. ಆ ದಿನವೂ ಹಾಗೇ. ಅಮ್ಮ ರೊಟ್ಟಿ ತಟ್ಟುತ್ತಿದ್ದಳು, ಹುಚ್ಚೆಳ್ಳು ಹುರಿದ ಘಮ ಮನೆ ತುಂಬಿತ್ತು. ನಾನು ಕಾನ್ವೆಂಟಿನ ಬಿಳಿ ಕಾಲುಚೀಲ ಎಳೆದುಕೊಳ್ಳುತ್ತಿದ್ದೆ. ಅಪ್ಪನ ಕೊನೆಯ ತಂಗಿ ಗಿರಿಜತ್ತೆ ಕನಕಾಂಬರ ಮುಡಿಯುತ್ತ ಅಮೆರಿಕದ ಹಾಡುಗಾರ್ತಿಯ ಜೊತೆ ತಾನೂ ಹಾಡುತ್ತಿದ್ದಳು.

ಕ್ಯಾಸೆಟ್ಟಿನ ಹೊದಿಕೆಯಲ್ಲಿದ್ದ ಆಕೆಯ ಕತೆಯನ್ನು ನಾನೇ ಓದಿ ಹೇಳಿದ್ದೆ: ಚರ್ಚಿನಲ್ಲಿ ಹಾಡಿ ಬೆಳೆದವಳು, ಬೀದಿಯ ಹುಡುಗರ ಜೊತೆ ರ‍್ಯಾಪ್ ಕಲಿತವಳು, ನಾಟಕದಲ್ಲೂ ಕುಣಿದವಳು. "ಒಬ್ಳೇ ಇಷ್ಟೆಲ್ಲಾ ಆಗ್ಬೌದೇನೇ?" ಎಂದು ಅತ್ತೆ ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳ ಬಾಯಲ್ಲಿ ರ‍್ಯಾಪ್, ಪಾವಗಡದ ಬಸ್ಸಿನ ಕಂಡಕ್ಟರ್ ಊರುಗಳನ್ನು ಕೂಗಿದಂತೆ ಉರುಳುತ್ತಿತ್ತು. ಆ ಮಧ್ಯಾಹ್ನ ಅವಳ ಕಾಲೇಜಿನಲ್ಲಿ ಹಾಡಿನ ಸ್ಪರ್ಧೆ. ಗೆದ್ದರೆ ತುಮಕೂರು.

ಅಪ್ಪ ಅಂದು ಬೇಗ ಬಂದುಬಿಟ್ಟರು.

"ಏನಮ್ಮ ಅದು, ಮೇಕೆ ಒರಲ್ದಂಗೆ?"

"ಸೋಲ್ ಮ್ಯೂಸಿಕ್ ಕಣಣ್ಣ. ಇವತ್ತು ಸ್ಟೇಜ್ ಮೇಲೆ ಹಾಡ್ತೀನಿ."

"ಸೋಲಾ?" ಅಪ್ಪ ಅಡುಗೆಮನೆಯತ್ತ ತಿರುಗಿದರು. "ಕೇಳ್ದೇನೇ? ಗೆಲ್ಲಕ್ ಹೋಗೋಳು ಮನೆಯಿಂದ್ಲೇ ಸೋಲು ಹೊತ್ಕಂಡು ಹೊಂಟವ್ಳೆ!"

ಅಮ್ಮ ನಕ್ಕಳು. ಒಪ್ಪಿಗೆ ಸಿಕ್ಕಿತೆಂದುಕೊಂಡು ಅತ್ತೆಯೂ ನಕ್ಕಳು.

ನಗುತ್ತಲೇ ಅಪ್ಪ ಕ್ಯಾಸೆಟ್ ಹೊರತೆಗೆದು, ಬೆರಳು ತೂರಿಸಿ ರೀಲು ಎಳೆದರು. ಕಂದು ಬಣ್ಣದ ರೀಲು ಅವರ ಪಾದದ ಮೇಲೆ ಗುಡ್ಡೆ ಬಿತ್ತು.

"ಜೋಳ ಹಾಲ್ಗಟ್ಟೈತೆ. ಗುಬ್ಬಿ ಒಂದ್ ತೆನೇನೂ ಬುಡ್ತಿಲ್ಲ. ಹೋಗು, ಹೊಲದ ಸುತ್ತ ಕಟ್ಬುಟ್ಟು ಬಾ. ನೀನೇ ಕಟ್ಬೇಕು. ಕಾಲೇಜು ಇನ್ ಸಾಕು."

ರೀಲು ಕಟ್ಟಿದರೆ ಗಾಳಿಗೆ ಗುಂಯ್‌ಗುಡುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಸಂಜೆ ಸ್ಕೂಲಿಂದ ಬಂದವಳೇ ಹೊಲಕ್ಕೆ ಓಡಿದೆ. ಅತ್ತೆ ಕೊನೆಯ ಗೂಟಕ್ಕೆ ಕಟ್ಟುತ್ತಿದ್ದಳು. ಹೆರಳಿನ ಕನಕಾಂಬರ ಬಾಡಿತ್ತು. ರೀಲನ್ನು ಎಲ್ಲಿಯೂ ಮಡಿಕೆ ಬೀಳದಂತೆ, ಎಂದಾದರೂ ಮತ್ತೆ ಸುತ್ತಿಕೊಳ್ಳಬಹುದೆಂಬಂತೆ ಕಟ್ಟಿದ್ದಳು.

ಜೋಳ ಕೊಯ್ದ ಮೇಲೆ ಅವಳನ್ನು ಪಾವಗಡದಾಚೆಯ ತಿರುಮಣಿಗೆ ಮದುವೆ ಮಾಡಿ ಕೊಟ್ಟರು. ಆ ಹಾಡುಗಾರ್ತಿ ಈಗಲೂ ಹಾಡುತ್ತಾಳೆ. ಮೊನ್ನೆ ಮೊಬೈಲಿನಲ್ಲಿ ನೋಡಿದೆ: ಕೂದಲು ನರೆತಿದೆ, ಗಂಟಲು ಅದೇ. ಅತ್ತೆಗೆ ಕಳಿಸಿದೆ. "ಯಾರೇ ಇವ್ಳು?" ಎಂದು ಫೋನಿನಲ್ಲಿ ಕೇಳಿದಳು.

ರೀಲು ಕಟ್ಟಿದ ಆ ಸಂಜೆ, ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಹೋಗುತ್ತಿದ್ದ ಪಕ್ಕದ ಮನೆಯ ಪುಟ್ಟಕ್ಕ ಒಂದು ಗಳಿಗೆ ನಿಂತು ಕಿವಿಗೊಟ್ಟಿದ್ದಳು.

"ಒಳ್ಳೇ ಕ್ಯಾಸೆಟ್ಟು ಕಣಮ್ಮ," ಅಂದಳು. "ಒಂದ್ ಗುಬ್ಬೀನೂ ಕೂತಿಲ್ಲ."