ಠ ಎಂದು ಓದಿದವರು

ಚಾಮರಾಜಪೇಟೆಯಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ಅವರು. ಇದುವರೆಗೆ ಯಾರೂ ಓದಲಾಗದ ಲಿಪಿಯ ಒಂದು ಓಲೆಗರಿ ಕಟ್ಟಿನ ಬಗ್ಗೆ ಬಂದ ಬರಹಗಳನ್ನೆಲ್ಲ ನಾವಿಬ್ಬರೂ ಒಂದೇ ಪಟ್ಟಿಗೆ ಸೇರಿಸುತ್ತಿದ್ದೆವು. ಆ ಲಿಪಿಯೇ ಬೊಗಳೆ ಎಂಬುದು ನನ್ನ ವಾದ. ನಾನು ಯಾವ ಬರಹ ತಂದರೂ ಅವರು ಕನ್ನಡಕ ಹಣೆಗೇರಿಸಿ, "ಪುಟ ಹೇಳು" ಎನ್ನುತ್ತಿದ್ದರು. ಓದದೆ ತಂದದ್ದು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಪಟ್ಟಿಯ ಮೊದಲ ಬರಹ ಅವರದೇ. ಪ್ರತಿ ಗರಿಯ ನಡುವೆಯೂ 'ಠ' ಇದೆ, ಆದ್ದರಿಂದ ಇದು ಕನ್ನಡದ್ದೇ ಗುಪ್ತಲಿಪಿ ಎಂದು ಅದರಲ್ಲಿ ಸಾಧಿಸಿದ್ದರು. ಆದರೆ ಅವರು ನೋಡಿದ್ದು ಜೆರಾಕ್ಸ್ ಮಾತ್ರ. ನಾನು ಮೂಲದ ಬಣ್ಣದ ಫೋಟೊಗಳನ್ನು ತಂದು ಮುಂದಿಟ್ಟೆ.

"ಸರ್, ಇದು ಠ ಅಲ್ಲ. ಒಳಗಿನ ಚುಕ್ಕೆ ದಾರ ಪೋಣಿಸೋ ತೂತು. ಸುತ್ತ ಇರೋದು ದಾರ ಉಜ್ಜಿ ಆದ ಕಲೆ."

ಅವರು ಭೂತಗನ್ನಡಿ ಹಿಡಿದು ಒಂದೊಂದೇ ಗರಿ ನೋಡಿದರು.

"ತೂತೇ ಕಣಯ್ಯ. ಇಷ್ಟು ವರ್ಷ ತೂತನ್ನ ಓದಿದೀನಿ."

"ನಿಮ್ಮ ಬರಹ ಪಟ್ಟಿಯಿಂದ ತೆಗೆದುಬಿಡ್ಲಾ ಸರ್?"

"ಯಾಕೆ, ಇನ್ನೊಬ್ಬ ಬಂದು ಇದೇ ತೂತಿಗೆ ಬೀಳ್ಲಿ ಅಂತಾನಾ? ಅಲ್ಲೇ ಇರ್ಲಿ. ಪಕ್ಕದಲ್ಲಿ 'ತಪ್ಪು' ಅಂತ ಹಾಕು. ಯಾಕೆ ತಪ್ಪು ಅಂತ ನೀನೇ ಎರಡು ಪುಟ ಬರಿ, ಕೆಳಗೆ ಸೇರಿಸೋಣ."

ನಾನು ಬರೆಯಲು ಕೂತೆ. ಅವರು ಆಗಲೇ ತಮ್ಮ ನೋಟ್‌ಬುಕ್ಕಿನಲ್ಲಿ ಠ ಹೊಡೆದುಹಾಕಿ, ಫೋಟೊದಲ್ಲಿ ಅದರ ಮುಂದಿನ ಗುರುತಿನ ಮೇಲೆ ಭೂತಗನ್ನಡಿ ಇಟ್ಟಿದ್ದರು.