ಸೊಳ್ಳೆಗಳಿಗೆ ತೋಳು ಕೊಟ್ಟ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಹಿಂಬದಿಯ ಕೋಣೆಗೆ ಕಾಲಿಟ್ಟರೆ ಬೆಚ್ಚನೆಯ ತೇವ ಮುಖಕ್ಕೆ ರಾಚುತ್ತದೆ. ಗೋಡೆಯುದ್ದಕ್ಕೂ ಬಲೆಯ ಪಂಜರಗಳು. ಸಣಕಲು ಮೈಯ ಹೆಂಗಸೊಬ್ಬರು ಅಂಗಿಯ ತೋಳು ಮೇಲೇರಿಸಿ, ಪಂಜರದ ಬಟ್ಟೆಯ ಬಾಯೊಳಗೆ ಮೊಣಕೈವರೆಗೂ ಕೈ ತೂರಿಸುತ್ತಾರೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸೊಳ್ಳೆಗಳು ಮುತ್ತಿ ಕೈ ಕಪ್ಪಾಗುತ್ತದೆ. ನೋಡುತ್ತಿರುವ ನನ್ನ ಮೈಯೆಲ್ಲ ತುರಿಕೆ. ಅವರು ಮಾತ್ರ ಇನ್ನೊಂದು ಕೈಯಿಂದ ನನಗೆ ಸ್ಟೂಲು ಎಳೆದುಕೊಡುತ್ತಾರೆ.

"ಕೂತ್ಕೊಳ್ಳಿ. ಇವರ ತಿಂಡಿ ಮುಗಿಯೋವರೆಗೂ ನಾನೆಲ್ಲೂ ಹೋಗೋ ಹಾಗಿಲ್ಲ."

ಬೀದಿಯವರು ಇವರನ್ನು ಕರೆಯುವುದು 'ಸೊಳ್ಳೆ ಅಕ್ಕ' ಎಂದು. ಮೊದಲು ಕುಹಕಕ್ಕೆ, ಈಗ ಪ್ರೀತಿಗೆ.

ಪಂಜರದಲ್ಲಿರುವುದು ಡೆಂಗಿ ಹರಡುವ ಜಾತಿಯ ಸೊಳ್ಳೆಗಳೇ. ಆದರೆ ಹಣ್ಣಿನ ನೊಣದಲ್ಲಿ ಸಹಜವಾಗಿ ಬದುಕುವ ಒಂದು ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ಇವುಗಳೊಳಗೆ ಸೇರಿಸಿದ್ದಾರೆ. ಅದು ಹೊಕ್ಕ ಮೇಲೆ ಡೆಂಗಿ ವೈರಸ್ಸಿಗೆ ಸೊಳ್ಳೆಯ ಮೈಯಲ್ಲಿ ಬೇರೂರುವುದು ಕಷ್ಟ. ಹೊರಗೆ ಬಿಟ್ಟರೆ ಇವು ಊರ ಸೊಳ್ಳೆಗಳೊಂದಿಗೆ ಕೂಡಿ, ಆ ಗುಣವನ್ನು ತಾಯಿಯಿಂದ ಮರಿಗೆ ದಾಟಿಸುತ್ತ ಹೋಗುತ್ತವೆ. ಹೇಳಲು ಸುಲಭ, ಸಾಕುವವರು ಬೇಕಲ್ಲ! ತಟ್ಟೆಗಳ ನೀರು ಬದಲಿಸಬೇಕು, ಮರಿಹುಳುಗಳಿಗೆ ಮೀನಿನ ಪುಡಿ ಹಾಕಬೇಕು, ಇರುವೆ ಮುತ್ತದಂತೆ ಕಾಯಬೇಕು. ಸೊಳ್ಳೆಗಳಿಗೆ ಭಾನುವಾರ ಎಂಬುದಿಲ್ಲ.

ಇವರು ಇಲ್ಲಿಗೆ ಬಂದದ್ದು ಗಂಡನ ಜ್ವರದಿಂದಾಗಿ. ಬಸ್ ಚಾಲಕರಾದ ಅವರಿಗೆ ಒಂದು ಮಳೆಗಾಲ ಡೆಂಗಿ ಬಡಿಯಿತು. ಆಸ್ಪತ್ರೆಯಲ್ಲಿ ಮಂಚ ಸಿಗದೆ ಮೊಗಸಾಲೆಯಲ್ಲೇ ಮಲಗಿಸಿದ್ದರು. ಒಸಡಿನಿಂದ ಒಸರುವ ರಕ್ತ ನಿಲ್ಲುತ್ತಿರಲಿಲ್ಲ.

"ಡಾಕ್ಟ್ರು ಕೈಚೆಲ್ಲಿಬಿಟ್ರು ಅಂದ್ಕೊಂಡೆ. ಆಗ ಯಾರೋ ಕೊಟ್ಟ ರಕ್ತ ಬಂತು. ಯಾರು ಏನು ಅಂತ ಇವತ್ತಿಗೂ ಗೊತ್ತಿಲ್ಲ. ಅವರ ಕಾಲಿಗೆ ಬೀಳೋಣ ಅಂದ್ರೂ ಎಲ್ಲಿ ಹುಡುಕ್ಲಿ?"

ಗಂಡ ಎದ್ದು ಕೂತ ಮೇಲೆ ತಾವೂ ರಕ್ತ ಕೊಡಲು ಹೋದರು. ತೂಕ ಸಾಲದೆಂದು ವಾಪಸು ಕಳಿಸಿದರು. ಅಳು ಬಂತಂತೆ. ಅಷ್ಟರಲ್ಲಿ ಆಸ್ಪತ್ರೆಯ ಪಕ್ಕದ ಈ ಸಂಶೋಧನಾಲಯದಲ್ಲಿ, ರೋಗವಿಲ್ಲದ ಸೊಳ್ಳೆಗಳಿಗೆ ರಕ್ತ ಕುಡಿಸಿ ಸಾಕಲು ಜನ ಬೇಕೆಂದು ತಿಳಿಯಿತು.

"ಸೊಳ್ಳೆಗಳು ತೂಕ ಕೇಳಲ್ಲ ನೋಡಿ," ಎಂದು ನಗುತ್ತಾರೆ. "ಋಣ ತೀರಿಸೋಕೆ ನನಗೆ ಸಿಕ್ಕಿದ್ದು ಇದೊಂದೇ ದಾರಿ."

ಈ ಸೊಳ್ಳೆಗಳ ಮೊಟ್ಟೆಯಿಟ್ಟ ಡಬ್ಬಿಗಳನ್ನು, ಅಲ್ಲೇ ಮರಿಯಾಗಿ ಹಾರಲೆಂದು, ತಮ್ಮ ಬೀದಿಯಲ್ಲೇ ನೇತುಹಾಕುವ ಸರದಿ ಬಂದಾಗ ಕಷ್ಟ ಶುರುವಾಯಿತು. ಎದುರುಮನೆಯ ದರ್ಜಿ ರೇಗಿದರು: "ನಾವು ಸೊಳ್ಳೆ ಓಡಿಸೋಕೆ ಬತ್ತಿ ಹಚ್ತೀವಿ, ನೀನು ಮನೆ ಬಾಗಿಲಿಗೇ ತಂದು ಬಿಡ್ತೀಯಾ? ತಲೆ ನೆಟ್ಟಗಿದೆಯಾ?" ಡಬ್ಬಿ ಚರಂಡಿ ಸೇರಿತು. ಅತ್ತೆಯೂ ಮಾತು ಬಿಟ್ಟರು.

ಅಕ್ಕ ಜಗಳವಾಡಲಿಲ್ಲ. ಇನ್ನೊಂದು ಡಬ್ಬಿ ತಂದು, ತಮ್ಮ ಮಗಳು ಮಲಗುವ ಕೋಣೆಯ ಕಿಟಕಿಗೇ ಕಟ್ಟಿದರು.

"ನನಗೂ ಎದೆ ಡವಡವ ಅಂತಿತ್ತು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನನ್ನ ಮಗಳಿಗಾಗದ್ದನ್ನ ಬೇರೆಯವರ ಮಕ್ಕಳಿಗೆ ಹೇಗೆ ಕೊಡ್ಲಿ?"

ಅದನ್ನು ಕಂಡು ಪಕ್ಕದ ಮನೆಯವರು ಒಂದು ಡಬ್ಬಿ ಕೇಳಿದರು. ನಂತರ ಮೂಲೆಮನೆಯವರು. ಎರಡು ಮಳೆಗಾಲ ಕಳೆದವು. ಈ ಸಲ ಮಳೆ ಮುಗಿದರೂ ಬೀದಿಯಿಂದ ಒಬ್ಬರೂ ಡೆಂಗಿಯೆಂದು ಆಸ್ಪತ್ರೆ ಸೇರಲಿಲ್ಲ. ಡಬ್ಬಿ ಕಟ್ಟಿದ ಊರಿನ ಬೇರೆ ಬಡಾವಣೆಗಳಲ್ಲೂ ಜ್ವರ ಇಳಿದಿದೆಯೆಂದು ವಿಜ್ಞಾನಿಗಳ ಲೆಕ್ಕ ಹೇಳುತ್ತದೆ.

ದರ್ಜಿ ಒಂದು ಸಂಜೆ ಬಾಗಿಲಿಗೆ ಬಂದು, ನೆಲ ನೋಡುತ್ತ ನಿಂತರಂತೆ. "ನನ್ನ ಮೊಮ್ಮಗು ಈ ವರ್ಷ ಒಂದು ದಿನಾನೂ ಜ್ವರ ಅಂತ ಮಲಗಿಲ್ಲ ಕಣಮ್ಮ. ನಿನ್ನ ಸೊಳ್ಳೆಗಳಿಗೆ ಏನಾದ್ರೂ ಹೊಲಿಯೋದಿದ್ರೆ ಕೊಡು." ಪಂಜರಗಳ ಬಟ್ಟೆಯ ಬಾಯಿಗಳನ್ನು ಈಗ ಅವರೇ ಹೊಲಿಯುತ್ತಾರೆ. ಕೂಲಿ ಕೊಡಹೋದರೆ ಗದರುತ್ತಾರೆ.

ಅಕ್ಕ ಪಂಜರದಿಂದ ಕೈ ತೆಗೆದು ತಣ್ಣೀರಿಗೆ ಹಿಡಿಯುತ್ತಾರೆ. ತೋಳಿನ ತುಂಬ ಕೆಂಪು ದದ್ದು. ಮುಂದೇನು ಆಸೆ ಎಂದು ಕೇಳುತ್ತೇನೆ.

"ಈ ಕೋಣೆಗೆ ಬೀಗ ಬೀಳ್ಬೇಕು. ಇವು ಹೊರಗೆ ತಾವೇ ಸಂಸಾರ ಹೂಡಿ ನೆಲೆನಿಂತ್ರೆ ನಮ್ಮ ಅಗತ್ಯ ಇರಲ್ಲ."

"ಆಮೇಲೆ ನೀವು?"

"ಬೆಳಗ್ಗೆ ಇನ್ನೊಂಚೂರು ಹೊತ್ತು ಮಲಗ್ತೀನಿ," ಎನ್ನುತ್ತಾರೆ, ಕೈ ಒರೆಸಿಕೊಳ್ಳುತ್ತ. "ಕಿವಿ ಹತ್ರ ಗುಂಯ್ ಅಂದ್ರೆ, ನಮ್ಮವೇ ಬಿಡು ಅಂತ ಮಗ್ಗುಲು ಬದಲಾಯಿಸ್ತೀನಿ."