ಕೈ ಎತ್ತಿದವರ ಫೋಟೋ

ಮೇಸ್ತ್ರಿ ಸತ್ತು ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಫೋಟೋ ಕೇಳಿಕೊಂಡು ಇಬ್ಬರು ಮನೆಗೆ ಬಂದರು. ಒಬ್ಬ ಸಂಘದ ಅಧ್ಯಕ್ಷ, ಇನ್ನೊಬ್ಬರು ಶಾಲೆಯ ಮೇಷ್ಟ್ರು. ಇವರು ಸುಮ್ಮನೆ ಬಂದವರಲ್ಲ ಎಂದು ಮೇಸ್ತ್ರಿಯ ಹೆಂಡತಿಗೆ ನೋಡಿದ ಕೂಡಲೇ ಗೊತ್ತಾಯಿತು. ಸುಮ್ಮನೆ ಬರುವವರೆಲ್ಲ ಮೊದಲ ಎರಡು ತಿಂಗಳಲ್ಲೇ ಬಂದು ಮುಗಿಸಿದ್ದರು.

"ಚಿಕ್ಕಮ್ಮ, ಸಂಘದ ಪುಸ್ತಕ ಮಾಡ್ತಿದ್ದೀವಿ," ಅಂದ ಅಧ್ಯಕ್ಷ. "ಶುರುವಿನ ಹತ್ತು ವರ್ಷದ ಕಥೆ. ಎಲ್ಲಾ ಫೋಟೋದಲ್ಲೇ. ಕೆಳಗೆ ಒಂದೊಂದು ಸಾಲು, ಅಷ್ಟೇ. ನಿಮ್ಮ ಹತ್ರ ಆ ಕೈ ಎತ್ತಿದ ಫೋಟೋ ಇದೆಯಲ್ಲ, ಅದು ಮುಖಪುಟಕ್ಕೆ."

"ಆಫೀಸಲ್ಲೂ ಒಂದಿತ್ತಲ್ಲಪ್ಪ?"

"ಗೆದ್ದಲು ತಿಂದಿದೆ."

"ಸಂಘದ್ದು ಅಂದ್ರೆ ಗೆದ್ದಲಿಗೂ ಸದರ."

ಅಧ್ಯಕ್ಷ ನಕ್ಕ. ಅವಳು ನಗಲಿಲ್ಲ. ಎದ್ದು ಹೋಗಿ, ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗಿದ್ದ ಫೋಟೋ ತಂದಳು. ಮೇಸ್ತ್ರಿಯೇ ಅದನ್ನು ಅಲ್ಲಿ ತೂಗಿದ್ದ. ಬಾಗಿಲು ತೆರೆದಿದ್ದರೆ ಯಾರಿಗೂ ಕಾಣದು. ಒಳಗಿಂದ ಬಾಗಿಲು ಹಾಕಿಕೊಂಡವರಿಗೆ ಮಾತ್ರ ಕಾಣುತ್ತಿತ್ತು.

ಗಾಜಿಲ್ಲದೆ ರಟ್ಟಿಗೆ ಅಂಟಿಸಿದ, ಕಪ್ಪು ಬಿಳುಪಿನ ದೊಡ್ಡ ಫೋಟೋ. ಉಗ್ರಾಣದ ಸುಣ್ಣದ ಗೋಡೆಯ ಮುಂದೆ ಇಪ್ಪತ್ತೊಂದು ಗಂಡಸರು. ಇಪ್ಪತ್ತೊಂದು ಕೈಗಳು ಮೇಲೆ. ಆ ಕಾಲದಲ್ಲಿ ಸಂಘದಲ್ಲಿ ಮನೆಗೊಂದು ಕೈ, ಅದೂ ಗಂಡಸಿನದು. ಹೆಂಗಸರು ಬಾಗಿಲಲ್ಲಿ ನಿಂತು ನೋಡಬಹುದಿತ್ತು. ಬಲತುದಿಯಲ್ಲಿ ಅರ್ಧ ಮಸುಕಾಗಿ ಒಬ್ಬಳು ಮಗು ಎತ್ತಿಕೊಂಡು ನಿಂತಿದ್ದಾಳೆ. ಅದು ಅವಳೇ. ಮುಂದಿನ ಸಾಲಲ್ಲಿ ಮೇಸ್ತ್ರಿ. ಅವನ ಬಲಗೈಯಲ್ಲಿ ಐದೂ ಬೆರಳಿವೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಒಂದು ಚೀಟಿ ತೆಗೆದರು. "ಸಾಲು ಬರೆದಿಟ್ಟಿದ್ದೀನಮ್ಮ. ಕೇಳಿ. 'ಒಗ್ಗಟ್ಟಿನ ಮೊದಲ ಹೆಜ್ಜೆ. ಫೋರ್‌ಮನ್ನರ ಮಾತಿಗೆ ಓಗೊಟ್ಟು, ಕಾಲುವೆ ತೋಡಲು ಎಲ್ಲರೂ ಕೈ ಎತ್ತಿದ ದಿನ.'"

"ಯಾವ ಕಾಲುವೆ?" ಅಂದಳು.

"ಅಂದ್ರೆ? ನಮ್ಮ ಕಾಲುವೆ. ಈಗ ಹರೀತಿದೆಯಲ್ಲ."

"ಅದಕ್ಕೆ ಯಾರೂ ಕೈ ಎತ್ತಲಿಲ್ಲ ಮೇಷ್ಟ್ರೇ."

ಮೇಷ್ಟ್ರು ಅಧ್ಯಕ್ಷನ ಮುಖ ನೋಡಿದರು. ಅಧ್ಯಕ್ಷ ನೆಲ ನೋಡಿದ. ಫೋರ್‌ಮನ್ ಅಂದರೆ ಅವನ ಅಪ್ಪ.

ನಡೆದದ್ದು ಹೀಗೆ.

ಅವರು ಯಾರೂ ಹುಟ್ಟು ರೈತರಲ್ಲ. ಹೆಂಚಿನ ಕಾರ್ಖಾನೆಯವರು. ಕಾರ್ಖಾನೆ ಮುಚ್ಚಿತು. ಬೀದಿಗೆ ಬಿದ್ದವರಿಗೆ ಸರ್ಕಾರ ಹಳ್ಳದಾಚೆಯ ಕಲ್ಲುಭೂಮಿ ಕೊಟ್ಟು, ಸಂಘ ಕಟ್ಟಿ ಕೂಡಿ ಉಳುಮೆ ಮಾಡಿ ಅಂದಿತು. ಮಣ್ಣು ಸುಡುವುದು ಗೊತ್ತಿದ್ದವರಿಗೆ ಮಣ್ಣು ಉಳುವುದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಸಭೆ ಸೇರುವುದು. ಕಾರ್ಖಾನೆಯಲ್ಲಿ ಮುಷ್ಕರ ಹೂಡಿ ಹೂಡಿ ಕಲಿತದ್ದು. ಎಲ್ಲದಕ್ಕೂ ಕೈ ಎತ್ತುತ್ತಿದ್ದರು. ಏನು ಬಿತ್ತಬೇಕು, ಊಟಕ್ಕೆ ಎಷ್ಟು ಹೊತ್ತಿಗೆ ಏಳಬೇಕು, ನಾಯಿಗೆ ಏನು ಹೆಸರಿಡಬೇಕು, ಎಲ್ಲಾ. ನಾಯಿಯ ಹೆಸರು ಎರಡು ಸಭೆ ನಡೆದರೂ ತೀರ್ಮಾನವಾಗಲಿಲ್ಲ. ಅದು ಹೆಸರಿಲ್ಲದೆಯೇ ಸತ್ತಿತು.

ಮೇಸ್ತ್ರಿ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡು ಕಟ್ಟುತ್ತಿದ್ದವನು. ಮಾತು ಕಡಿಮೆ. ಗಾರೆಯ ಕರಣೆ, ತೂಗುಗುಂಡು, ಮಟ್ಟ ನೋಡುವ ರಸಮಟ್ಟ, ಇಷ್ಟೇ ಅವನ ಆಸ್ತಿ. ಒಂದು ಉದ್ದನೆಯ ಸಪೂರ ಪೈಪೂ ಇತ್ತು, ಒಳಗಿನ ನೀರು ಹೊರಗೆ ಕಾಣುವಂಥದ್ದು. ಅದಕ್ಕೆ ನೀರು ತುಂಬಿ ಎರಡು ತುದಿ ಎರಡು ಕಡೆ ಹಿಡಿದರೆ ನೀರು ಸಮನಾಗಿ ನಿಲ್ಲುತ್ತದೆ. ಯಾವ ನೆಲ ಎತ್ತರ, ಯಾವುದು ತಗ್ಗು ಎಂದು ಸುಳ್ಳಿಲ್ಲದೆ ಹೇಳುತ್ತದೆ.

ಹಳ್ಳದಿಂದ ಹೊಲಕ್ಕೆ ನೀರು ತರಬೇಕಿತ್ತು. ಹಳ್ಳದ ತಿರುವಿನಿಂದ ನೇರ ತೋಡಿದರೆ ಹತ್ತಿರ. ಫೋರ್‌ಮನ್ ಕಾರ್ಖಾನೆಯಲ್ಲಿ ಎಲ್ಲರ ಮೇಲಿದ್ದವನು, ಸಂಘದಲ್ಲೂ ಅವನೇ ಮುಂದಾಳು. ತಿರುವಿನಲ್ಲಿ ನಿಂತು ಕೈ ಚಾಚಿ ತೋರಿಸಿದ. "ನೋಡ್ರಪ್ಪ, ಇಳಿಜಾರು ಕಣ್ಣಿಗೇ ಕಾಣ್ತಿದೆ." ನಿಜ, ಕಣ್ಣಿಗೆ ಹಾಗೇ ಕಾಣುತ್ತಿತ್ತು. ಹಿಂದಿನ ಗುಡ್ಡದ ಓರೆಗೆ ನೆಲ ಇಳಿದ ಹಾಗೆ ತೋರುತ್ತಿತ್ತು. ಮೇಸ್ತ್ರಿ ಮೂರು ದಿನ ಪೈಪು ಹಿಡಿದು ಅಳೆದ. ಆಚೆ ತುದಿ ಹಿಡಿದವಳು ಅವನ ಹೆಂಡತಿ, ಬೆನ್ನಿಗೆ ಮಗು ಕಟ್ಟಿಕೊಂಡು. ಹೊಲ ತಿರುವಿನ ನೀರಿಗಿಂತ ಎರಡು ಗೇಣು ಮೇಲಿತ್ತು. ಹಳ್ಳದ ಮೇಲ್ಭಾಗದಲ್ಲಿ, ಮೇಲಿನ ಬಂಡೆಯ ಹತ್ತಿರದಿಂದ ಗುಡ್ಡ ಬಳಸಿ ತಂದರೆ ಮಾತ್ರ ನೀರು ಬರುತ್ತದೆ. ಅದು ಮೂರು ಪಟ್ಟು ಉದ್ದ.

ಸಭೆಯಲ್ಲಿ ಮೇಸ್ತ್ರಿ ಎದ್ದು ಹೇಳಿದ. "ಎರಡು ಗೇಣು ಏರಿದೆ. ನೀರು ಹತ್ತಲ್ಲ."

"ನಿನ್ನ ಪೈಪಿಗೆ ಮೆಳ್ಳೆಗಣ್ಣು ಕಣೋ," ಅಂದ ಒಬ್ಬ. ಸಭೆ ಬಿದ್ದು ಬಿದ್ದು ನಕ್ಕಿತು.

ಕೈ ಎತ್ತಿಸಿದರು. ನೇರ ದಾರಿಗೆ ಹದಿನೆಂಟು. ಎತ್ತದೆ ಉಳಿದವರು ಮೂವರು. ಮೇಸ್ತ್ರಿ, ಗೂಡಿಗೆ ಸೌದೆ ಹಾಕುತ್ತಿದ್ದವನೊಬ್ಬ, ಮತ್ತೆ ಉದ್ದಣ್ಣ. ಉದ್ದಣ್ಣ ಎಲ್ಲರಿಗಿಂತ ಕುಳ್ಳ, ಅದಕ್ಕೇ ಆ ಹೆಸರು.

ಫೋರ್‌ಮನ್ ಕೂಗಾಡಲಿಲ್ಲ. ಮೆತ್ತಗೆ ಹೇಳಿದ. "ಈಗಾಗಲೇ ಎರಡು ಮನೆಯವರು ಗಂಟು ಕಟ್ಟಿಕೊಂಡು ಹೋದರು. ಇನ್ನು ಮೂರು ಹೋಗೋದಾದ್ರೆ ಇವತ್ತೇ ಹೇಳಿಬಿಡಿ. ಸಂಘಾನೇ ಮುಚ್ಚೋಣ."

ಉಳಿದಿಬ್ಬರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಕೈ ಎತ್ತಿದ. ಸೌದೆಯವನೂ ಎತ್ತಿದ. ಉದ್ದಣ್ಣ ಕಿವಿಯವರೆಗೆ ಎತ್ತಿ ಅಲ್ಲೇ ನಿಲ್ಲಿಸಿದ. ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. "ಇಳಿಸಬೇಡಿ, ಹಾಗೇ ಇರಿ," ಅಂದ. ಭುಜ ನೋಯುವವರೆಗೂ ಇಟ್ಟುಕೊಂಡರು.

ಬಾಗಿಲಲ್ಲಿ ನಿಂತಿದ್ದವಳು ಅದನ್ನು ನೋಡಿದಳು. ಸಂಜೆ ಒಲೆಯ ಮುಂದೆ ಕೇಳಿದಳು.

"ಗೊತ್ತಿದ್ದೂ ಯಾಕೆ ಎತ್ತಿದ್ರಿ?"

"ಕಾಲುವೆ ಕೆಟ್ಟರೆ ಇನ್ನೊಂದು ತೋಡಬಹುದು ಕಣೆ. ಜನ ಒಡೆದರೆ ಗಾರೆ ಹಾಕಿ ಕೂಡಿಸೋಕಾಗುತ್ತಾ?"

"ಎತ್ತು ಕರು ಹಾಕಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ. ನೀವೂ ಹಗ್ಗ ಹಿಡ್ಕೊಂಡು ಹೋದ್ರಿ."

ಅವನು ಒಲೆಗೆ ಸೌದೆ ತಳ್ಳಿದ. ಅವಳು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪಿಲ್ಲ. ಗಂಡ ಅಂತ ಒಪ್ಪಬೇಕೆಂದೇನಿಲ್ಲ. ಸತ್ತ ಅಂತಲೂ ಒಪ್ಪಬೇಕೆಂದೇನಿಲ್ಲ.

ಐದು ತಿಂಗಳು ತೋಡಿದರು. ಎಲ್ಲರಿಗಿಂತ ಹೆಚ್ಚು ತೋಡಿದವನು ಮೇಸ್ತ್ರಿ. ನಾಲ್ಕನೆಯ ತಿಂಗಳು ಹಾರೆ ಜಾರಿ, ಬಂಡೆ ಉರುಳಿ, ಅವನ ಬಲಗೈಯ ಕಿರುಬೆರಳು, ಪಕ್ಕದ ಬೆರಳು ಎರಡೂ ಜಜ್ಜಿಹೋದವು. ಆಸ್ಪತ್ರೆಯಲ್ಲಿ ಕತ್ತರಿಸಿದರು. ಆಮೇಲೆ ನಲವತ್ತು ವರ್ಷ ಅವನು ಕರಣೆ ಹಿಡಿದದ್ದು ಮೂರು ಬೆರಳಲ್ಲಿ. ಮೊದಲ ವರ್ಷ ಕರಣೆ ಕೈಯಿಂದ ಬೀಳುತ್ತಿತ್ತು. ಬಿದ್ದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು.

ನೀರು ಬಿಡುವ ದಿನ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊಲದ ತಲೆಯಲ್ಲಿ ನಿಂತರು. ನೀರು ಬಂತು. ಮುಕ್ಕಾಲು ದಾರಿ ಬಂತು. ನಿಂತಿತು. ನಿಂತಲ್ಲೇ ಏರಿತು, ದಂಡೆ ಮೀರಿತು, ತಗ್ಗಿನಲ್ಲಿದ್ದ ಮನೆಗಳ ಕಡೆ ತಿರುಗಿತು. ಒಳ್ಳೆಯ ಬಟ್ಟೆಯಲ್ಲೇ ಎಲ್ಲರೂ ಓಡಿದರು. ಬಿತ್ತನೆಯ ಬೀಜ ಅರ್ಧ ನೆನೆದು ಹೋಯಿತು. ಪಾತ್ರೆಗಳು ಬೀದಿಯಲ್ಲಿ ತೇಲಿದವು. ಯಾವ ಪಾತ್ರೆ ಯಾರದು ಎಂದು ಹುಡುಕಲು ಎರಡು ದಿನ ಹಿಡಿಯಿತು.

ಮಾರನೆಯ ಬೆಳಿಗ್ಗೆ ಸಭೆ ಕರೆಯುವ ಮೊದಲೇ ಮೇಸ್ತ್ರಿ ಪೈಪು ಹೆಗಲಿಗೆ ಹಾಕಿಕೊಂಡು ಮೇಲಿನ ಬಂಡೆಗೆ ನಡೆದ. ಆಚೆ ತುದಿ ಹಿಡಿಯಲು ಅವಳು ಹೋದಳು. ಮಧ್ಯಾಹ್ನಕ್ಕೆ ಉದ್ದಣ್ಣ ಗುದ್ದಲಿ ತಂದ. ಮರುದಿನ ನಾಲ್ಕು ಜನ. ವಾರದಲ್ಲಿ ಎಲ್ಲರೂ. ಕಡೆಗೆ ಫೋರ್‌ಮನ್ನೂ ಬಂದು ಮಾತಾಡದೆ ಮಣ್ಣು ಹೊತ್ತ. ಹದಿನಾಲ್ಕು ತಿಂಗಳು ತೋಡಿದರು. ಯಾರೂ ಕೈ ಎತ್ತಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ. ಈಗ ಹರಿಯುವುದು ಅದು.

"ನಾನು ಅವತ್ತೇ ಹೇಳಿದ್ದೆ" ಅನ್ನುವ ಮಾತು ಮೇಸ್ತ್ರಿಯ ಬಾಯಿಂದ ಸಾಯುವವರೆಗೂ ಬರಲಿಲ್ಲ.

ಇಷ್ಟನ್ನೂ ಅವಳು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಚೀಟಿ ಮಡಚಿದರು.

"ಚಿಕ್ಕಮ್ಮ, ಹಳೇದೆಲ್ಲ ಕೆದಕೋದು ಯಾಕೆ?" ಅಂದ ಅಧ್ಯಕ್ಷ. "ಮೇಸ್ತ್ರಿ ಚಿಕ್ಕಪ್ಪನಿಗೆ ಒಂದು ಇಡೀ ಪುಟ ಕೊಡ್ತೀವಿ. ಅವರು ಸಂಘದಿಂದ ಬಹುಮಾನ ತಗೊಳ್ಳೋ ಫೋಟೋ, ಬಣ್ಣದ್ದು. ಕೆಳಗೆ 'ಶ್ರಮಜೀವಿ' ಅಂತ."

"ಅವರು ಶ್ರಮಜೀವಿ ಅಲ್ಲ ಕಣಪ್ಪ, ಮೇಸ್ತ್ರಿ. ಮಟ್ಟ ನೋಡಿದವರು. ಶ್ರಮ ಕತ್ತೇನೂ ಪಡುತ್ತೆ."

"ಹಾಗಲ್ಲ…"

"ಈ ಫೋಟೋ ಬೇಕಾದ್ರೆ ಆದದ್ದು ಬರೀರಿ. ಬೇಡದಿದ್ರೆ ಬಿಡಿ."

ಮೇಷ್ಟ್ರು ಮೆಲ್ಲನೆ ಮೊಬೈಲು ತೆಗೆದು ಫೋಟೋದ ಮೇಲೆ ಹಿಡಿದರು. ಅವಳು ಫೋಟೋ ಬೋರಲು ಹಾಕಿ ಅದರ ಮೇಲೆ ಅಂಗೈ ಊರಿದಳು.

"ಮೇಷ್ಟ್ರೇ, ಶಾಲೇಲಿ ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತೀರಲ್ವ?"

ಮೇಷ್ಟ್ರ ಮುಖ ಕೆಂಪಾಯಿತು. ಮೊಬೈಲು ಜೇಬಿಗೆ ಹೋಯಿತು. "ಹಾಗಾದ್ರೆ ಸಭೆಗೆ ಇಡ್ತೀನಿ," ಅಂದ ಅಧ್ಯಕ್ಷ, ಎದ್ದು. "ಇಡು," ಅಂದಳು.

ಸಭೆ ಅದೇ ಉಗ್ರಾಣದಲ್ಲಿ ಸೇರಿತು. ಈಗ ಗೋಡೆಗೆ ಹಸಿರು ಬಣ್ಣ, ಮೇಲೆ ಫ್ಯಾನು, ಮೂಲೆಯಲ್ಲಿ ಮೂಟೆ ತೂಗುವ ಯಂತ್ರ. ಗಂಡ ಹೋದ ಮೇಲೆ ಮನೆಯ ಕೈ ಈಗ ಅವಳದು. ಮುಂದಿನ ಕುರ್ಚಿಯಲ್ಲಿ ಫೋಟೋ ತೊಡೆಯ ಮೇಲಿಟ್ಟುಕೊಂಡು ಕೂತಳು.

ಅಧ್ಯಕ್ಷ ವಿಷಯ ಹೇಳಿದ. ನ್ಯಾಯವಾಗಿಯೇ ಹೇಳಿದ, ಏನೂ ಮುಚ್ಚಲಿಲ್ಲ. ಕಡೆಗೆ ಮಾತ್ರ ದನಿ ಒಡೆಯಿತು. "ನಮ್ಮಪ್ಪ ಸತ್ತಿದ್ದಾನೆ. ಬಂದು ಉತ್ತರ ಕೊಡೋ ಹಾಗಿಲ್ಲ."

"ನಮ್ಮವರೂ ಸತ್ತಿದ್ದಾರೆ," ಅಂದಳು ಅವಳು.

"ಮಾಡಿದವರ ಪಾಪ ಆಡಿದವರ ಬಾಯಲ್ಲಿ ಅಂತಾರೆ ತಾಯಿ," ಅಂದ ಹಿಂದಿನಿಂದ ಒಬ್ಬ. "ಯಾಕೆ ಬೇಕು ನಿಮಗೆ?"

"ನನ್ನ ಬಾಯಿ, ನನ್ನ ಪಾಪ. ನಿನಗೇನು ಕಷ್ಟ?"

ಉದ್ದಣ್ಣ ಕೋಲೂರಿ ಎದ್ದ. ಅವನಿಗೀಗ ಎಂಬತ್ತರ ಮೇಲೆ. "ಅವಳು ಹೇಳೋದೆಲ್ಲ ನಿಜ. ನಾನೇ ಸಾಕ್ಷಿ. ಫೋಟೋ ನೋಡಿ, ನನ್ನ ಕೈ ಕಿವಿ ಹತ್ರ ಇದೆ."

"ಕಿವಿ ಕೆರ್ಕೊಳ್ತಿದ್ದೆ ಅಂತ ಹೆಂಡ್ತಿಗೆ ಹೇಳಿದ್ಯಂತೆ!" ಅಂದ ಯಾರೋ.

"ಫೋರ್‌ಮನ್ನಿಗೂ ಮೇಸ್ತ್ರಿಗೂ ಉತ್ತರ ಇರಲಿ ಅಂತ ಹಾಗೆ ಹಿಡಿದಿದ್ದೆ ಕಣೋ. ಹೇಡಿ ನಾನು. ಹೇಡಿ ಅಂತಲೇ ಬರೀರಿ, ನನಗೇನು," ಅಂದು ಕೂತ.

ನಗೆ ನಿಂತ ಮೇಲೆ ಅಧ್ಯಕ್ಷ, "ಕೈ ಎತ್ತಿ ನೋಡಿಬಿಡೋಣ," ಅಂದ. "ಮೇಷ್ಟ್ರು ಬರೆದ ಸಾಲೇ ಇರಲಿ ಅನ್ನೋರು?"

"ಆಗಿಹೋದದ್ದಕ್ಕೆ ಕೈ ಎತ್ತೋದೇನು?" ಅಂದಳು. ಯಾರೂ ಕೇಳಲಿಲ್ಲ. ಕೈಗಳು ಎದ್ದವು. ಹದಿನೇಳು. ಬೇಡ ಅನ್ನುವವರು ಹನ್ನೊಂದು. ಅವಳು ಯಾವುದಕ್ಕೂ ಎತ್ತಲಿಲ್ಲ. ಎರಡೂ ಕೈ ಫೋಟೋದ ಮೇಲೇ ಇದ್ದವು.

"ಸರಿ ಚಿಕ್ಕಮ್ಮ," ಅಂದ ಅಧ್ಯಕ್ಷ. "ಸಭೆ ಹೇಳಿದೆ."

ಅವಳು ಎದ್ದಳು. ತೂಕದ ಯಂತ್ರದ ಪಕ್ಕ, ಮೂಟೆಗೆ ಗುರುತು ಹಾಕುವ ದಪ್ಪ ಕಪ್ಪು ಪೆನ್ನು ದಾರದಲ್ಲಿ ನೇತಾಡುತ್ತಿತ್ತು. ದಾರ ಕಿತ್ತು ತಂದಳು. ಫೋಟೋವನ್ನು ಮೇಜಿನ ಮೇಲಿಟ್ಟಳು. ಸುತ್ತ ಬಿಳಿ ಅಂಚಿತ್ತು. ಅಂಚಿನಲ್ಲಿ ಬರೆದರೆ ಮುದ್ರಣದವರು ಕತ್ತರಿಸಿಬಿಡುತ್ತಾರೆ. ಅವಳು ಒಳಗೇ ಬರೆಯಲು ಹೊರಟಳು, ಎತ್ತಿದ ಬೆರಳುಗಳ ನಡುವೆ ಕಾಣುವ ಸುಣ್ಣದ ಗೋಡೆಯ ಮೇಲೆ. ಅದನ್ನು ಕತ್ತರಿಸಬೇಕಾದರೆ ಇಪ್ಪತ್ತೊಂದು ಜನರ ಕೈಯನ್ನೂ ಕತ್ತರಿಸಬೇಕು.

ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಅಕ್ಷರ ನಿಧಾನ. ಸಭೆ ಕಾದಿತು. ಅವನಿದ್ದಿದ್ದರೆ "ಬೇಡ ಬಿಡೆ" ಅನ್ನುತ್ತಿದ್ದ. ಅವಳು ಒಮ್ಮೆ ನಿಲ್ಲಿಸಿದಳು, ಆ ಮಾತು ಕೇಳಿಸುತ್ತದೇನೋ ಎಂಬಂತೆ. ಅನ್ನುವವನು ಇರಲಿಲ್ಲ. ಮುಂದಕ್ಕೆ ಬರೆದಳು.

ಮೇಷ್ಟ್ರು ಬಗ್ಗಿ ನೋಡಿ, ಯಾರೂ ಹೇಳದೆಯೇ ಜೋರಾಗಿ ಓದಿದರು. "'ಇದು ನೀರು ಹರಿಯದ ಕಾಲುವೆ. ಫೋರ್‌ಮನ್ ಹೇಳಿದರು, ಎಲ್ಲರೂ ಕೈ ಎತ್ತಿದರು. ಹರಿಯಲ್ಲ ಅಂತ ಮೇಸ್ತ್ರಿಗೆ ಗೊತ್ತಿತ್ತು. ಅವರೂ ಎತ್ತಿದರು. ಹರಿಯುವ ಕಾಲುವೆಗೆ ಯಾರೂ ಕೈ ಎತ್ತಲಿಲ್ಲ. ತೋಡಿದರು.'"

"ತಗೊಳ್ಳಿ," ಅಂದಳು. "ಇರೋದು ಇದೊಂದೇ. ಹಾಕೋದಾದ್ರೆ ಹೀಗೇ ಹಾಕಿ. ಇಲ್ಲಾಂದ್ರೆ ಆ ಪುಟ ಖಾಲಿ ಬಿಡಿ."

ಮೂರು ತಿಂಗಳಿಗೆ ಪುಸ್ತಕ ಬಂತು. ಮುಖಪುಟಕ್ಕೆ ಟ್ರ್ಯಾಕ್ಟರು ಹಾಕಿದ್ದರು. ಅಧ್ಯಕ್ಷ ಒಬ್ಬನೇ ಬಂದು, ಬಾಗಿಲಲ್ಲೇ ನಿಂತು ಏಳನೆಯ ಪುಟ ತೆರೆದು ತೋರಿಸಿದ. ಕೈಗಳಿದ್ದವು. ಕೈಗಳ ನಡುವೆ ಅವಳ ಸೊಟ್ಟ ಅಕ್ಷರಗಳೂ ಇದ್ದವು. ಕೆಳಗೆ ಮೇಷ್ಟ್ರ ಸಾಲು ಇರಲಿಲ್ಲ.

"ಯಾರು ಹಾಕಿಸಿದ್ದು?" ಅಂದಳು.

"ನೀವು ಹೋದ ಮೇಲೆ ಸಭೆ ಇದು ಬೇಡ ಅಂದಿತ್ತು. ನಾನೇ ಪ್ರೆಸ್ಸಿಗೆ ಕೊಟ್ಟೆ. ಮುಂದಿನ ಸಭೇಲಿ ನನ್ನನ್ನ ಹುರಿದು ತಿಂತಾರೆ." ಪುಸ್ತಕ ಮುಚ್ಚಿದ. "ಈ ಪುಟ ನೋಡಿದವರೆಲ್ಲ ನಮ್ಮಪ್ಪನ್ನ ಬೈತಾರೆ ಚಿಕ್ಕಮ್ಮ."

"ಬೈಲಿ. ನಮ್ಮವರನ್ನೂ ಬೈತಾರೆ. ಒಟ್ಟಿಗೆ ಎತ್ತಿದವರು, ಒಟ್ಟಿಗೇ ಬೈಸ್ಕೊಳ್ಳಲಿ."

ಅವನು ಇನ್ನೂ ಹೊರಗೇ ನಿಂತಿದ್ದ. ಅವಳು ಅವನಿಗೆ ಒಳಗೆ ಸ್ಟೂಲು ಎಳೆದು ಹಾಕಿದಳು.